ಇದ್ದ ಕಣಜದ ಪಕ್ಕ ಇನ್ನೊಂದು ಕಣಜ

ನನ್ನ ತಮ್ಮ ಗುರುಮೂರ್ತಿಯ ಬಾಯಿಂದ "ಬ್ಯಾಡ" ಎಂಬ ಮಾತು ಹೊರಟದ್ದನ್ನು ಅವನು ನಿವೃತ್ತನಾಗುವ ತನಕ ನಾನು ಕೇಳಿರಲಿಲ್ಲ. ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿದವರೆಲ್ಲ ಬೆರಳಿನಿಂದ ಜೇನು ನೆಕ್ಕಿಸಿದರಂತೆ. ಇವನು ಒಂದು ಬೆರಳನ್ನೂ ಬಿಡದೆ ಚೀಪಿದನಂತೆ. ಮದುವೆಯಾದ ಹೊಸತರಲ್ಲಿ ಅತ್ತೆ ಹೋಳಿಗೆ ಹಿಡಿದು "ಇನ್ನೊಂದು ಹಾಕ್ಲೇನ್ರಿ?" ಎಂದು ಕೇಳಿದಷ್ಟು ಸಲವೂ ಹೂಂ ಎಂದು ತಲೆಯಾಡಿಸಿದ, ಕಡೆಗೆ ಅವನನ್ನು ಇಬ್ಬರು ಹಿಡಿದು ಎಲೆಯ ಮುಂದಿನಿಂದ ಎಬ್ಬಿಸಬೇಕಾಯಿತು. ನಮ್ಮ ಕಡೆಯ ಉಪಚಾರಕ್ಕೆ ಒಂದು ಕ್ರಮವಿದೆ. ಬಡಿಸುವವರು ಕೇಳಬೇಕು, ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು ಬೇಡ ಎನ್ನಬೇಕು, ಆಮೇಲೆ ಕೈಯ ಸಂದಿಯಿಂದ ಅವರು ಹಾಕಬೇಕು. ಗುರುಮೂರ್ತಿ ಆ ಮಧ್ಯದ ಪಾಠವನ್ನು ಕಲಿಯಲೇ ಇಲ್ಲ.

"ಅಷ್ಟು ಪ್ರೀತಿಯಿಂದ ಕೇಳ್ತಾರೆ. ಬ್ಯಾಡ ಅಂದ್ರೆ ಅವರ ಮನಸ್ಸಿಗೆ ನೋವಾಗಂಗಿಲ್ಲೇನಕ್ಕ?" ಎನ್ನುತ್ತಾನೆ.

ಇದರಿಂದಾಗಿ ಅವನ ಮನೆಯಲ್ಲಿ ಒಂದು ನಲ್ಲಿಗೆ ಹಲವಾರು ನೀರಿನ ಫಿಲ್ಟರುಗಳಿವೆ. ಬಾಗಿಲಿಗೆ ಬಂದವರಿಂದ ಕೊಂಡ ಚಾಪೆಗಳನ್ನು ಹಾಸಿದರೆ ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯೇ ಮಲಗಬಹುದು. ಮಂಡಿನೋವಿನ ಎಣ್ಣೆಯೂ ಇದೆ. ಮಂಡಿನೋವು ಮಾತ್ರ ಯಾರಿಗೂ ಇಲ್ಲ. ಅವನ ಹೆಂಡತಿ ಸುನೀತಾ ಒಂದೊಂದು ಸಲ ಹೇಳುತ್ತಾಳೆ: "ನಮ್ಮಪ್ಪ ಮೊದ್ಲು ಕೇಳಿದ್ರು, ಅದಕ್ಕೆ ನನ್ನ ಮಾಡ್ಕೊಂಡ್ರು. ಅವತ್ತು ಸಂಜೆ ಇನ್ನೊಬ್ರು ಕೇಳಿದ್ರೆ ಅವರಿಗೂ ಹೂಂ ಅಂತಿದ್ರು ಕಮಲಕ್ಕ."

ಕಮಲಕ್ಕ ಎಂದರೆ ನಾನೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿ, ತಮ್ಮನ ಮನೆಯ ಮಹಡಿಯಲ್ಲಿ ಇದ್ದೇನೆ. ನಮ್ಮ ಬೀದಿಯ ತುದಿಯಲ್ಲಿ ಸೌಭಾಗ್ಯ ಸಮುದಾಯ ಭವನ ಎಂಬ ಮದುವೆ ಮಂಟಪವಿದೆ. ಅದರ ಆಫೀಸು ಕೋಣೆಯ ಫ್ಯಾನು ಬಡಾವಣೆಗೇ ಒಳ್ಳೆಯ ಫ್ಯಾನು. ಮಧ್ಯಾಹ್ನ ನಾನು ಅಲ್ಲಿಯೇ ಕುಳಿತು ಪೇಪರು ಓದುತ್ತೇನೆ. ಆದ್ದರಿಂದ ಮುಂದೆ ಹೇಳುವ ಅನಾಹುತದ ಬಹುಭಾಗ ನನ್ನ ಕಣ್ಣೆದುರೇ ನಡೆಯಿತು.

ಭವನದ ವ್ಯವಸ್ಥಾಪಕನಾಗಿದ್ದ ಗಿರೀಶ ಎಂಬ ಹುಡುಗನಿಗೆ ಹರಿಹರದ ಬಟ್ಟೆ ಅಂಗಡಿಯೊಂದರಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅವನ ಜಾಗಕ್ಕೆ ಯಾರು ಎಂದು ಸಮಿತಿಯವರು ಯೋಚಿಸುತ್ತಿದ್ದಾಗ ಗುರುಮೂರ್ತಿ ಅಲ್ಲಿಯೇ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕುಳಿತಿದ್ದ. ಅಧ್ಯಕ್ಷರು "ಗುರುಮೂರ್ತಿ, ನೀವು ನೋಡ್ಕೊಂತೀರಾ?" ಎಂದರು. ಹೂಂ ಎಂದ. "ಕಂಪ್ಯೂಟರ್ ಬರ್ತೈತಾ?" ಎಂದರು. ಅದಕ್ಕೂ ಹೂಂ ಎಂದ. ಮತ್ತೊಬ್ಬ ಸದಸ್ಯರು ತಾವೂ ಏನಾದರೂ ಕೇಳಬೇಕೆಂದು, "ಡೇಟಾಬೇಸ್ ಎಲ್ಲಾ ಹಾಕಕ್ಕೆ ಬರ್ತೈತೇನ್ರಿ?" ಎಂದರು.

"ಅದನ್ನ ನಾನೇ ಹಾಕ್ತೀನಿ ಬಿಡ್ರಿ" ಎಂದ ಗುರುಮೂರ್ತಿ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. ಇಡೀ ಸಮಿತಿ ತಲೆದೂಗಿತು. ಡೇಟಾಬೇಸ್ ಎಂದರೇನು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲದಿದ್ದುದು ಅವನ ಗೌರವಕ್ಕೆ ಬಹಳ ಅನುಕೂಲವಾಯಿತು.

ಗಿರೀಶ ಕೀಲಿಕೈ ಒಪ್ಪಿಸುವ ದಿನ ಪಾಪ ವಿವರಿಸಲು ನೋಡಿದ. "ಸರ್, ಡೇಟಾಬೇಸ್ ಎಲ್ಲಾ ಆಲ್ರೆಡಿ..."

"ಗೊತ್ತೈತಪ್ಪ, ನಾನು ನೋಡ್ಕೊಂತೀನಿ. ನೀನು ಹುಷಾರಾಗಿ ಹೋಗಿ ಬಾ" ಎಂದು ಗುರುಮೂರ್ತಿ ಅವನನ್ನು ಬಸ್ಸಿನವರೆಗೂ ಕಳಿಸಿಬಂದ. ದಾರಿಗೆಂದು ಬಾಳೆಹಣ್ಣನ್ನೂ ಕೊಟ್ಟ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವಷ್ಟರಲ್ಲಿ ಯಾರಿಗಾದರೂ ಹಸಿವಾಗಬಹುದೇ ಎಂದು ನಾನು ಕೇಳಲಿಲ್ಲ.

ಆಗ ಧನುರ್ಮಾಸ. ಮದುವೆಗಳಿಲ್ಲ, ಭವನ ಖಾಲಿ. ಗುರುಮೂರ್ತಿ ಮೇಜಿನ ಡ್ರಾಯರು ತೆಗೆದಾಗ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಗಿರೀಶನ ದುಂಡನೆಯ ಅಕ್ಷರದಲ್ಲಿ "ಡೇಟಾಬೇಸ್" ಎಂದಿತ್ತು. ಏನಾದರೂ ಕೆಟ್ಟರೆ ಇರಲಿ ಎಂದು ಆ ಹುಡುಗ ಇಟ್ಟುಹೋಗಿದ್ದದ್ದು. ಗುರುಮೂರ್ತಿಗೆ ಮಾತ್ರ ಅದು ಸಮಿತಿಯೆದುರು ಕೊಟ್ಟ ಮಾತನ್ನು ಉಳಿಸಲು ದೇವರೇ ಕಳಿಸಿದ್ದಾಗಿ ಕಂಡಿತು.

ಒಳ್ಳೆಯ ದಿನ ನೋಡಿ, ಸುನೀತಾಳಿಂದ ಅರಿಸಿನ ಕುಂಕುಮ ತರಿಸಿ, ಕಂಪ್ಯೂಟರಿನ ಹಣೆ ಎಂದು ತಾನು ತಿಳಿದ ಜಾಗಕ್ಕೆ ಹಚ್ಚಿ, ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದ. ನೀರು ಕೀಲಿಮಣೆಯ ಮೇಲೆ ಬೀಳದಂತೆ ಸುನೀತಾ ಸೆರಗು ಅಡ್ಡ ಹಿಡಿದಳು. ಪೆನ್‌ಡ್ರೈವ್ ಚುಚ್ಚಿ ಒತ್ತಿದ. ಸ್ವಲ್ಪ ಹೊತ್ತಿನ ಮೇಲೆ ಪರದೆಯ ನಡುವೆ ಒಂದು ಚೌಕ ಮೂಡಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ನಾನು ಕನ್ನಡಕ ಏರಿಸಿ ಓದಿ, ಅರ್ಥ ಹೇಳಿದೆ: "ಈ ಕಂಪ್ಯೂಟರಿನಲ್ಲಿ ಇದು ಈಗಾಗಲೇ ಇದೆಯಂತೆ. ಇನ್ನೊಂದು ಹಾಕಬೇಕೇ ಅಂತ ಕೇಳ್ತಿದೆ."

ಕೆಳಗೆ ಎರಡು ಗುಂಡಿಗಳು. ಒಂದು "ಯೆಸ್", ಇನ್ನೊಂದು "ನೋ".

"ಇದ್ದ ಮ್ಯಾಲೆ ಬ್ಯಾಡ ಅನ್ರಿ" ಎಂದಳು ಸುನೀತಾ.

"ಬ್ಯಾಡ ಅನ್ನೋದೇ ಸರಿ ಕಾಣುತ್ತಪ್ಪ" ಎಂದೆ ನಾನೂ.

ಗುರುಮೂರ್ತಿ ಆ ಚೌಕವನ್ನು ನೋಡಿದ. ಅವನ ಮುಖದಲ್ಲಿ, ಹೋಳಿಗೆ ಹಿಡಿದು ನಿಂತ ಅತ್ತೆಯನ್ನು ನೋಡುವಾಗಿನ ಮರ್ಯಾದೆ ಬಂತು. "ಅಲ್ಲಕ್ಕ, ತಾನಾಗೇ ಹಾಕ್ಬಿಡಬಹುದಿತ್ತು. ಹಂಗ್ ಮಾಡ್ದೆ ನನ್ನ ಒಂದು ಮಾತು ಕೇಳ್ತೈತೆ. ಹೊಸದಾಗಿ ಬಂದೀನಿ, ಮೊದಲ್ನೇ ದಿನಾನೇ ಮುಖಕ್ಕೆ ಹೊಡೆದಂಗೆ ನೋ ಅನ್ಲಾ?"

ಯೆಸ್ ಒತ್ತಿದ.

ಹೀಗೆ, ಇರುವ ಡೇಟಾಬೇಸಿನ ಪಕ್ಕ ಇನ್ನೊಂದು ಡೇಟಾಬೇಸು ವಿಧಿವತ್ತಾಗಿ ಪ್ರತಿಷ್ಠೆಯಾಯಿತು. ನಾವು ಮೂವರೂ ಒಡೆದ ಕಾಯಿಯ ಚೂರು ತಿಂದೆವು.

ಮರುದಿನ ಅವನು ಅದನ್ನು ತೆರೆದಾಗ ವರ್ಷದ ಎಲ್ಲ ದಿನಗಳೂ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದ್ದವು. ಒಂದು ಬುಕಿಂಗೂ ಇರಲಿಲ್ಲ. ಗುರುಮೂರ್ತಿಗೆ ಗಿರೀಶನ ಮೇಲೆ ಕರುಣೆ ಉಕ್ಕಿತು. "ಪಾಪದ ಹುಡುಗ. ಒಂದು ಮದುವೀನೂ ಹಿಡ್ದಿಲ್ಲ. ಅದಕ್ಕೇ ಬಟ್ಟೆ ಅಂಗಡಿಗೆ ಹೋದ. ನಾನು ಯಾರ ಹತ್ರಾನೂ ಹೇಳಂಗಿಲ್ಲ ಬಿಡು."

"ಮಾಘಕ್ಕೆ ಊರಿನ ಮಂಟಪಗಳೆಲ್ಲ ತುಂಬಿರುವಾಗ ನಮ್ಮದೊಂದೇ ಖಾಲಿ ಹೇಗಾಯ್ತೋ? ಗಿರೀಶನಿಗೆ ಒಂದು ಫೋನ್ ಮಾಡಿ ಕೇಳು" ಎಂದೆ.

"ಬ್ಯಾರೆಯವರ ಸೋಲನ್ನ ಫೋನ್ ಮಾಡಿ ಕೇಳೋದು ಚೆಂದಲ್ಲಕ್ಕ."

ಇನ್ನು ಬಂದವರಿಗೆಲ್ಲ ಸುಗ್ಗಿ. ಮಾಘದ ಮೊದಲ ಲಗ್ನಕ್ಕೆ ದಾವಣಗೆರೆಯಲ್ಲಿ ಒಂದು ಮಂಟಪವೂ ಸಿಗದೆ ಚಪ್ಪಲಿ ಸವೆಸಿದ್ದ, ಹರಿಹರದ ದಾರಿಯ ಹಳ್ಳಿ ಬಾತಿಯ ನಿಂಗಪ್ಪ ಎಂಬ ರೈತ, ಮಗಳು ರೇವತಿಯ ಮದುವೆಗೆಂದು ಹೆದರುತ್ತಲೇ ಒಳಗೆ ಬಂದ. "ಇಲ್ಲ ಅಂತೀರೇನೋ ಸರ್..." ಎಂದು ಅವನೇ ಶುರು ಮಾಡಿದ.

"ಯಾಕ ಇಲ್ಲ ಅನ್ಲಿ? ಬರ್ರಿ, ಕೂಡ್ರಿ" ಎಂದು ಗುರುಮೂರ್ತಿ ಅಂದೇ ಆ ದಿನಕ್ಕೆ ಹೆಸರು ತುಂಬಿದ. ನಿಂಗಪ್ಪ ಕಣ್ಣು ಒರೆಸಿಕೊಂಡ. ಮರುದಿನ ಹೊಲದ ಅವರೆಕಾಯಿ ಒಂದು ಚೀಲ ತಂದು ಕೊಟ್ಟ. ಚೀಲದ ಬಾಯಲ್ಲಿ, ನನಗೆಂದು ಬೇರೆಯಾಗಿ, ಕರಿಬೇವಿನ ಒಂದು ಸಸಿ ಇತ್ತು. ಹಿಂದಿನ ದಿನ ಮಾತಿನ ನಡುವೆ ನಮ್ಮ ಗಿಡ ಒಣಗಿತೆಂದು ನಾನು ಅಂದಿದ್ದೆ. ಅಂಥ ಗಾಬರಿಯಲ್ಲೂ ಆ ಮನುಷ್ಯ ಅದನ್ನು ನೆನಪಿಟ್ಟಿದ್ದ.

ಲಗ್ನಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಹರಿಹರದಿಂದ ಹಾಲಸ್ವಾಮಿ ಎಂಬವರು ಬಂದರು. ಎತ್ತರದ ಆಳು, ದೊಡ್ಡ ಗಂಟಲು. ಆದರೆ ಕೂರುವ ಮೊದಲು ಕುರ್ಚಿಯ ಮೇಲೆ ಮಲಗಿದ್ದ ಭವನದ ಬೆಕ್ಕನ್ನು ಎಚ್ಚರವಾಗದಂತೆ ಎತ್ತಿ ಪಕ್ಕದ ಕುರ್ಚಿಗೆ ಇಟ್ಟರು. ಒಳ್ಳೆಯವರು ಎಂದು ನಾನು ಆಗಲೇ ತಿಳಿದೆ.

"ಅಡಿಗೆ ಒಲಿ ಎಲ್ಲಿ ಹೂಡಬೇಕು ಅಂತ ಕೇಳಕ್ಕೆ ಬಂದೆ ಸರ್. ಮಾಘದ ಮೊದಲ್ನೇ ಲಗ್ನ ನಮ್ಮದೇ. ಮಗಳು ಅಂಬಿಕಾ. ಗಂಡಿನ ಕಡೆಯವ್ರು ನಿಮ್ಮೂರವ್ರೇ, ಎಸ್.ಎಸ್. ಬಡಾವಣೆ ಮಾರಣ್ಣ, ಅವರ ಮಗ ರಮೇಶ. ಶ್ರಾವಣದಾಗೇ ಗಿರೀಶನ ಹತ್ರ ಬುಕ್ ಮಾಡೀವಿ." ರಸೀದಿಯನ್ನೂ ಲಗ್ನಪತ್ರಿಕೆಯನ್ನೂ ಮೇಜಿನ ಮೇಲಿಟ್ಟರು.

ಗುರುಮೂರ್ತಿ ರಸೀದಿ ನೋಡಿದ, ಹಾಲಸ್ವಾಮಿಯವರನ್ನು ನೋಡಿದ, ಕಂಪ್ಯೂಟರು ನೋಡಿದ. ಅದರಲ್ಲಿ ಆ ದಿನ ನಿಂಗಪ್ಪನ ಹೆಸರಿತ್ತು. ಬೇರೆ ಯಾರಾದರೂ ಆಗಿದ್ದರೆ "ನಿಮ್ಮ ಬುಕಿಂಗ್ ಇಲ್ಲ" ಎನ್ನುತ್ತಿದ್ದರು. ಗುರುಮೂರ್ತಿ ಎಂಥ ಮಾತನ್ನೂ ಹತ್ತಿಯಲ್ಲಿ ಸುತ್ತಿ ಕೊಡುವವನು.

"ರಸೀದಿ ಐತೆ. ನೀವೂ ಅದೀರಿ. ಆದ್ರೆ ನಿಮ್ಮ ಮದುವಿ... ಸದ್ಯಕ್ಕೆ ಎಲ್ಲೋ ಹೊರಗಡೆ ಹೋದಂಗೈತೆ ನೋಡ್ರಿ."

"ಹೊರಗಡೆ ಹೋಗಕ್ಕೆ ಅದೇನು ಎಮ್ಮೇನ್ರಿ?" ಎಂದರು ಹಾಲಸ್ವಾಮಿ. ಬೆಕ್ಕು ಎಚ್ಚರವಾಯಿತು. "ಕಂಪ್ಯೂಟರ್‌ನಾಗೆ ಇದ್ದದ್ದು ತಾನಾಗೇ ಹೋಗಂಗಿಲ್ಲ. ಯಾರಾದ್ರೂ ತೆಗೆಸ್ಯಾರೇನು?"

ಇಲ್ಲ ಎನ್ನಲು ಗುರುಮೂರ್ತಿಗೆ ಬಾಯಿ ಬರಲಿಲ್ಲ. "ಹೂಂ... ಇರಬಹುದು."

"ಗಂಡಿನ ಕಡೆಯವ್ರೇನು?"

"ಹೂಂ... ಅವರೂ ಇರಬಹುದು."

ಹಾಲಸ್ವಾಮಿ ಎದ್ದು ನಿಂತರು. ನಾನು ಪೇಪರು ಬಿಟ್ಟು "ಸ್ವಲ್ಪ ಕೂಡ್ರಿ, ಇದು ಹಾಗಲ್ಲ" ಎನ್ನುವಷ್ಟರಲ್ಲಿ ಅವರು ಗೇಟು ದಾಟಿ ಬಸ್ಸು ಹಿಡಿದಾಗಿತ್ತು.

ಆ ಬಸ್ಸಿನಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ನಗುತ್ತ ಹೇಳಿದರು. ಕೂತ ಕೂಡಲೇ ಮನೆಗೆ ಫೋನು ಮಾಡಿ, ತಮ್ಮ ಗಂಟಲಿನಲ್ಲೇ "ಮದುವಿ ತೆಗೆಸ್ಯಾರಂತೆ" ಎಂದರಂತೆ. ಮುಂದಿನ ಸೀಟಿನವರು ಹಿಂದೆ ತಿರುಗಿದರಂತೆ. ಬಾತಿ ಬರುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ಹುಡುಗ ಒಲ್ಲೆ ಅಂದಿದ್ದು ಗೊತ್ತಾಗಿತ್ತು. ಹರಿಹರದಲ್ಲಿ ಇಳಿಯುವಾಗ ಹಿಂದಿನ ಸೀಟಿನ ಹೆಂಗಸೊಬ್ಬರು, ಇವರೇ ಆ ಹುಡುಗಿಯ ತಂದೆ ಎಂದು ತಿಳಿಯದೆ, "ಆ ಹುಡುಗಂಗೆ ಮೊದ್ಲೇ ಒಂದು ಮದುವಿ ಆಗೈತಂತೆ ಕಣಣ್ಣ, ಎರಡು ಮಕ್ಕಳಂತೆ" ಎಂದು ಅವರಿಗೇ ಹೇಳಿ ನಿಟ್ಟುಸಿರಿಟ್ಟರಂತೆ. ಮನೆ ಮುಟ್ಟಿದಾಗ ಪಕ್ಕದ ಮನೆಯವರು ಒಗ್ಗರಣೆ ಅವಲಕ್ಕಿ ತಂದಿಟ್ಟು, "ಇಂಥ ದಿನ ಒಲಿ ಹಚ್ಚಬ್ಯಾಡ್ರಿ, ಉಣ್ರಿ" ಎಂದು ಒತ್ತಾಯಿಸುತ್ತಿದ್ದರು. ಒಳಗೆ ಅಂಬಿಕಾ ಆ ಹುಡುಗ ರಮೇಶನ ಜೊತೆಯೇ ಫೋನಿನಲ್ಲಿ ಹರಟುತ್ತಿದ್ದಳು. ಮದುವೆ ಮುರಿದದ್ದು ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಇತ್ತ ಸುದ್ದಿ ಅದೇ ಬಸ್ಸಿನಲ್ಲಿ ತಿರುಗಿ ದಾವಣಗೆರೆಗೆ ಬಂದು ಎಸ್.ಎಸ್. ಬಡಾವಣೆಗೆ ತಲುಪಿತು. ಮಾರಣ್ಣ ಫೋನು ಮಾಡಿದರು. ಗುರುಮೂರ್ತಿ ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿತು.

"ಗುರುಮೂರ್ತೀರಾ, ಹೆಣ್ಣಿನ ಅಪ್ಪ ಇವತ್ತು ಬಂದಿದ್ರಾ?"

"ಹೂಂ, ಬಂದಿದ್ರು."

"ಮದುವಿ ವಿಚಾರಕ್ಕೇನಾ?"

"ಹೂಂ, ಅದಕ್ಕೇ."

"ಸಿಟ್ಟಾಗಿ ಹೋದ್ರಾ?"

"ಹೂಂ... ಸ್ವಲ್ಪ."

"ತೆಗೆಸಿದ್ದು ಅವರೇ ಅಂದಂಗಾತು!"

"ಹೂಂ..." ಎಂದ ನನ್ನ ತಮ್ಮ, ಅಭ್ಯಾಸಬಲದಿಂದ. ನಾನು ಫೋನು ಕಸಿದುಕೊಳ್ಳುವಷ್ಟರಲ್ಲಿ ಅದು ಕಟ್ಟಾಗಿತ್ತು. ಸುನೀತಾ ಗಂಡನನ್ನು ನೋಡಿ, "ನಾಕು ಹೂಂನಾಗೆ ಒಂದು ಸಂಸಾರ ತೆಗೆದ್ರಲ್ರೀ!" ಎಂದಳು. ಗುರುಮೂರ್ತಿ ಅದಕ್ಕೂ ಹೂಂ ಎಂದು, ಅಂದದ್ದು ಕೇಳಿಸಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಆಫೀಸು ಕೋಣೆಯಲ್ಲಿ ಇಬ್ಬರು ಬೀಗರೂ ಹಾಜರು. ಬೆಂಚು ಒಂದೇ ಇದ್ದುದರಿಂದ ಎರಡು ತುದಿಯಲ್ಲಿ, ಒಬ್ಬರು ಕಿಟಕಿಯ ಕಡೆ, ಒಬ್ಬರು ಬಾಗಿಲ ಕಡೆ ಮುಖ ಮಾಡಿ ಕುಳಿತರು. ನೇರ ಮಾತಿಲ್ಲ, ಎಲ್ಲವೂ ಗುರುಮೂರ್ತಿಯ ಮೂಲಕ.

"ಹೇಳ್ರಿ ಅವರಿಗೆ, ಒಲ್ಲದಿದ್ರೆ ಮನಿಗೆ ಬಂದು ಹೇಳಬೇಕಿತ್ತು. ಕಂಪ್ಯೂಟರ್‌ನಾಗೆ ಹೇಳೋದಲ್ಲ" ಎಂದರು ಹಾಲಸ್ವಾಮಿ.

"ಹೂಂ, ಬರೋಬ್ಬರಿ" ಎಂದ ಗುರುಮೂರ್ತಿ.

"ನೀವು ಅವರಿಗೆ ಹೇಳ್ರಿ, ಮನಿಗೆ ಬಾರದೆ ಭವನಕ್ಕೆ ಬಂದು ಕೂಗಾಡಿದ್ದು ಯಾರಂತೆ?"

"ಹೂಂ, ಅದೂ ಬರೋಬ್ಬರಿ."

"ಏನ್ರೀ, ನೀವು ಯಾರ ಕಡೆ?" ಎಂದು ಇಬ್ಬರೂ ಒಟ್ಟಿಗೆ ತಿರುಗಿದರು. ಬೆಳಿಗ್ಗೆಯಿಂದ ಅವರು ಒಟ್ಟಾಗಿ ಮಾಡಿದ ಮೊದಲ ಕೆಲಸ ಅದು. ಸುನೀತಾ ಮಜ್ಜಿಗೆ ತಂದಳು. ಕೂಗಾಡಲು ಗಂಟಲು ನೆನೆಯಲಿ ಎಂದೋ, ತಂಪಾಗಲಿ ಎಂದೋ, ಇಬ್ಬರ ಲೋಟಕ್ಕೂ ಕೊತ್ತಂಬರಿ ಹಾಕಿದ್ದಳು. ಮಾರಣ್ಣನವರು ತಮ್ಮ ಲೋಟ ಮುಟ್ಟುವ ಮೊದಲು ಇನ್ನೊಂದು ಲೋಟವನ್ನು ಬೆಂಚಿನ ಆ ತುದಿಗೆ ತಳ್ಳಿದರು, ಮುಖ ಮಾತ್ರ ಬಾಗಿಲ ಕಡೆಗೇ. ಇವರಲ್ಲಿ ಬೀಗತನ ಇನ್ನೂ ಸತ್ತಿಲ್ಲ ಎಂದು ನನಗೆ ಧೈರ್ಯ ಬಂತು. ಆದರೆ ಪತ್ರಿಕೆ ಹಂಚಿಯಾಗಿತ್ತು. ಇವತ್ತು ಇದು ಸರಿಹೋಗದಿದ್ದರೆ ಆ ಹುಡುಗಿಯ ಮದುವೆ ನಿಜವಾಗಿಯೇ ನಿಲ್ಲುತ್ತಿತ್ತು.

ಆಗ ಹೊರಗೆ ಬಳೆಗಳ ಸದ್ದಾಯಿತು. ಹಾಲಸ್ವಾಮಿಯವರ ತಾಯಿ ಭೀಮವ್ವ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಬಂದರು. ಒಂದು ಕೈಯಲ್ಲಿ ಮಂಡಕ್ಕಿ ಉಂಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಗಿರೀಶನ ಮಣಿಕಟ್ಟು. ಅವನ ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ನೇತಾಡುತ್ತಿತ್ತು.

"ಅಳೆಯೋ ಕೆಲಸ ಬಿಡಿಸಿ ಕರ್ಕೊಂಡು ಬಂದೀನಿ" ಎಂದರು ಭೀಮವ್ವ. "ನಮ್ಮ ಹುಡುಗಿ ಮದುವಿ ಈ ಕಂಪ್ಯೂಟರ್ ಡಬ್ಬಿಯಾಗೆ ಇಟ್ಟವನು ಇವನು. ಎಲ್ಲಿಟ್ಟಾನೋ ಇವನೇ ತೆಗೀಲಿ. ನೀವು ಗಂಡಸ್ರು ಎರಡು ದಿನದಿಂದ ಯಾರು ತೆಗೆದ್ರು ಅಂತ ಕೇಳ್ತೀರಿ, ಎಲ್ಲಿಟ್ಟಿದ್ರು ಅಂತ ಒಬ್ರೂ ಕೇಳ್ಲಿಲ್ಲ."

ಗಿರೀಶ ಕಂಪ್ಯೂಟರಿನ ಹಣೆಯ ಕುಂಕುಮ ನೋಡಿ ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ಅರ್ಧ ಕೈ ಮುಗಿದ. ಒಂದೆರಡು ಕಡೆ ಒತ್ತಿ ನೋಡಿ, ನಿಧಾನವಾಗಿ ತಿರುಗಿದ. "ಸರ್... ಇದನ್ನ ಇನ್ನೊಂದು ಸಲ ಹಾಕಿದ್ರಾ?"

"ಅದೇ ಕೇಳ್ತಪ್ಪ!" ಎಂದ ಗುರುಮೂರ್ತಿ. "ಇನ್ನೊಂದು ಹಾಕ್ಲಾ ಅಂತು. ಹೂಂ ಅಂದೆ."

"ಒಂದು ಇತ್ತಲ್ಲ ಸರ್. ಡೇಟಾಬೇಸ್ ಅಂದ್ರೆ ಕಣಜ ಇದ್ದಂಗೆ. ನಾನು ತುಂಬಿಟ್ಟ ಕಣಜ ಹಿಂದ್ಗಡೆ ಹಂಗೇ ಐತೆ. ನೀವು ಮುಂದ್ಗಡೆ ಇನ್ನೊಂದು ಖಾಲಿ ಕಣಜ ಕಟ್ಟೀರಿ. ಈಗ ಬಾಗಲು ತೆಗೆದ್ರೆ ಹೊಸದಕ್ಕೇ ಹೋಗ್ತೈತೆ."

ಅವನು ಹಿಂದಿನ ಬಾಗಿಲು ತೆಗೆದ. ಬೆಳ್ಳಗಿದ್ದ ದಿನಗಳೆಲ್ಲ ಬಣ್ಣ ಬಳಿದ ಹಾಗೆ ತುಂಬಿಕೊಂಡವು. ಮಾಘದ ಮೊದಲ ಲಗ್ನದ ಎದುರು "ಅಂಬಿಕಾ–ರಮೇಶ" ಎಂದು ಚೊಕ್ಕವಾಗಿ ಇತ್ತು. ಪಕ್ಕದಲ್ಲಿ "ಅಜ್ಜಿಗೆ ಮೆಟ್ಟಿಲು ಹತ್ತಲಾಗದು, ಕೆಳಗಿನ ಕೋಣೆ ಕೊಡುವುದು" ಎಂದೂ ಗಿರೀಶ ಬರೆದಿಟ್ಟಿದ್ದ. ಭೀಮವ್ವ ಅದನ್ನು ಓದಿಸಿಕೊಂಡು, ಪರದೆಯ ಎರಡೂ ಕೆನ್ನೆ ಸವರಿ, ಹಣೆಗೆ ಬೆರಳು ಒತ್ತಿ ಲಟಿಕೆ ಮುರಿದರು.

"ಬೀಗರೇ!" ಎಂದರು ಹಾಲಸ್ವಾಮಿ.

"ಬೀಗರೇ!" ಎಂದರು ಮಾರಣ್ಣ. ಬೆಂಚಿನ ಎರಡು ತುದಿಯಿಂದ ಒಟ್ಟಿಗೆ ಎದ್ದದ್ದರಿಂದ ಬೆಂಚು ಮುಗುಚಿತು. ಮಂಡಕ್ಕಿ ಉಂಡೆಗಳು ಎಲ್ಲರ ಬಾಯಿಗೂ ಬಂದವು. ಗುರುಮೂರ್ತಿ ಉಂಡೆ ಕಚ್ಚಿ, ಕಣ್ಣು ಮುಚ್ಚಿ, ದೊಡ್ಡ ಉಸಿರು ಬಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ನಿಂಗಪ್ಪ ನಿಂತಿದ್ದ. ಹೊಸ ಪಂಚೆ, ಕೈಯಲ್ಲಿ ಅರಿಸಿನ ಹಚ್ಚಿದ ಲಗ್ನಪತ್ರಿಕೆ. "ಮೊದಲ್ನೇ ಪತ್ರಿಕಿ ದೇವರಿಗಿಟ್ಟೆ, ಎರಡ್ನೇದು ನಿಮಗಂತ ತೆಗೆದಿಟ್ಟಿದ್ದೆ ಸರ್. ನೀವು ಹೂಂ ಅನ್ನದಿದ್ರೆ ನನ್ನ ಮಗಳ ಲಗ್ನ ಇರ್ತಿದ್ದಿಲ್ಲ. ಇಡೀ ಬಾತಿಗೆ ಹಂಚೀನಿ. ಎಲ್ರೂ ಬರ್ತಾರೆ."

ಹಾಲಸ್ವಾಮಿಯವರು ಪತ್ರಿಕೆ ಇಸಿದುಕೊಂಡು ದಿನ ನೋಡಿದರು. ಮಾರಣ್ಣನವರಿಗೆ ಕೊಟ್ಟರು. ಅವರು ಗಿರೀಶನಿಗೆ ಕೊಟ್ಟರು. ಗಿರೀಶ ಯಾಕೋ ಟೇಪು ಹಿಡಿದು ಪತ್ರಿಕೆಯ ಉದ್ದ ಅಳೆದ. ಗುರುಮೂರ್ತಿ, "ಸ್ವಿಚ್ಚು ನೋಡ್ತೀನಿ" ಎಂದು ಮೇಜಿನ ಕೆಳಗೆ ಹೋದವನು ಹೊರಗೆ ಬರಲಿಲ್ಲ.

ನಿಂಗಪ್ಪನಿಗೆ ನಾನೇ ವಿಷಯ ಹೇಳಬೇಕಾಯಿತು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಹಾಲಸ್ವಾಮಿಯವರ ಕಡೆ ನೋಡಿ, "ಹಂಗಾದ್ರೆ ಇದು ನಿಮ್ಮ ಜಾಗ ಅಣ್ಣ. ಮೊದ್ಲು ಕೇಳಿದವ್ರು ನೀವು" ಎಂದ. ಪತ್ರಿಕೆಯನ್ನು ಮಡಿಸಿ ಜೇಬಿಗಿಡಲು ನೋಡಿದ, ಅದು ಹೋಗಲಿಲ್ಲ. ಮೇಜಿನ ಕೆಳಗಿನಿಂದ ಮೂಗು ಸೀನುವ ಸದ್ದು ಕೇಳಿತು.

ಆ ದೊಡ್ಡ ಗಂಟಲಿನ ಹಾಲಸ್ವಾಮಿ ಮೊದಲ ಸಲ ಮೆಲ್ಲಗೆ ಮಾತಾಡಿದರು. "ಅವ್ವ, ಏನ್ ಮಾಡಾಣ?"

ಭೀಮವ್ವ ಉಂಡೆ ಜಗಿಯುತ್ತಲೇ ಹೇಳಿದರು. "ಇದಕ್ಕೇನು ಕೇಳ್ತೀಯೋ? ನಮ್ಮೂರ ದೇವ್ರು ಹೆಂಗೆ ನಿಂತಾನೆ? ಒಂದು ಮೈಯಾಗೆ ಈ ಕಡೆ ಹರ, ಆ ಕಡೆ ಹರಿ. ಇದು ನಂದು, ಅದು ನಿಂದು ಅಂತ ಒಂದಿನಾನೂ ಜಗಳಾಡಿಲ್ಲ. ಇಷ್ಟು ದೊಡ್ಡ ಭವನದಾಗೆ ಎರಡು ಹುಡುಗೇರು ಹಸೆಮಣಿ ಮ್ಯಾಲೆ ಕುಂದ್ರಕ್ಕೆ ಜಾಗ ಇಲ್ಲೇನು? ಏಳ್ರಿ ಗುರುಮೂರ್ತಿ, ಸ್ವಿಚ್ಚು ಸರಿ ಐತೆ, ಹೊರಗೆ ಬರ್ರಿ."

ಲಗ್ನದ ದಿನ ಶಾಮಿಯಾನದ ಜಮಾಲ್ ಸಾಬ್ ವೇದಿಕೆಯ ನಟ್ಟನಡುವೆ ಮೇಲಿನಿಂದ ಕೆಳಗೆ ಒಂದು ಗುಲಾಬಿ ಪರದೆ ಇಳಿಬಿಟ್ಟರು. ಎಡಕ್ಕೆ ಹರಿಹರ, ಬಲಕ್ಕೆ ಬಾತಿ. "ಪರದೆ ನನ್ನ ಕಡೆಯಿಂದ ಮುಯ್ಯಿ ಅಂತ ತಿಳ್ಕೊಳ್ರಿ. ಯಾವ ಜೋಡಿಗೆ ಅಂತ ಕೇಳಬ್ಯಾಡ್ರಿ" ಎಂದರು. ಗಿರೀಶ ಅಂಗಡಿಗೆ ರಜೆ ಹಾಕಿ ಬಂದು ಬಾಗಿಲಲ್ಲಿ ನಿಂತು, ಬಂದವರನ್ನು ಎಡಬಲಕ್ಕೆ ಕಳಿಸುತ್ತಿದ್ದ. ಸ್ವಲ್ಪ ಹೊತ್ತಿನಲ್ಲೇ ಆ ವ್ಯವಸ್ಥೆ ಕುಸಿಯಿತು. ಎರಡೂ ಕಡೆ ನೆಂಟರಿದ್ದವರು ಎಲ್ಲಿ ಕೂರಬೇಕು? ನಿವೃತ್ತ ತಹಸೀಲ್ದಾರರೊಬ್ಬರು ಬಲಗಡೆ ಕೂತು, ಎಡಗಡೆಯ ಜೋಡಿಗೆ ತಂದ ಗಡಿಯಾರವನ್ನು ಬಲಗಡೆಯ ಜೋಡಿಗೆ ಕೊಟ್ಟು, ತಪ್ಪು ತಿಳಿದ ಮೇಲೆ ಕೇಳಲು ನಾಚಿ, ಹೊರಗೆ ಹೋಗಿ ಇನ್ನೊಂದು ಗಡಿಯಾರ ತಂದರು.

ರೇವತಿಯ ಕಡೆಯವರು ಗಡಿಬಿಡಿಯಲ್ಲಿ ಮಲ್ಲಿಗೆ ದಂಡೆಯನ್ನು ಬಾತಿಯಲ್ಲೇ ಮರೆತು ಬಂದಿದ್ದರು. ಆ ಹುಡುಗಿಯ ಕಣ್ಣು ತುಂಬುತ್ತಿದ್ದ ಹಾಗೆಯೇ ಪರದೆಯ ಕೆಳಗಿನಿಂದ ಹಸಿರು ಬಳೆಯ ಕೈಯೊಂದು ದಂಡೆ ಹಿಡಿದು ಈಚೆ ಬಂತು. "ನನ್ನವು ಎರಡು ಅದಾವೆ, ತಗೋ" ಎಂದಿತು ಅಂಬಿಕಾಳ ದನಿ. ನಾನು ಮುಂದಿನ ಸಾಲಿನಲ್ಲಿದ್ದೆ. ಆಮೇಲೆ ಸ್ವಲ್ಪ ಹೊತ್ತು ಕನ್ನಡಕ ಒರೆಸುತ್ತ ಇದ್ದೆ.

ಮುಹೂರ್ತ ಎರಡಕ್ಕೂ ಒಂದೇ. ವಾದ್ಯದವರು ಒಂದೇ ತಂಡ. ಈಚೆಯ ಪುರೋಹಿತರು "ಗಟ್ಟಿ ಮೇಳ!" ಎಂದರು, ಆಚೆಯವರು "ಇರ್ರಿ, ನಮ್ಮದು ಇನ್ನೂ ಆಗಿಲ್ಲ" ಎಂದರು. ಡೋಲಿನವನು ಕೋಲು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಏನು ಮಾಡಲಿ ಎಂದು ಕಡೆಗೆ ಗುರುಮೂರ್ತಿಯ ಕಡೆ ನೋಡಿ, "ಹೊಡೀಲೇನ್ರೀ?" ಎಂದ.

ಗುರುಮೂರ್ತಿ ಎಂದಿನಂತೆ "ಹೂಂ" ಎಂದ.

ಡೋಲು ಸಿಡಿಲಿನ ಹಾಗೆ ಹೊಡೆಯಿತು. ಬೆಚ್ಚಿಬಿದ್ದ ಭವನದ ಬೆಕ್ಕು ಜಮಾಲ್ ಸಾಬರ ಪರದೆಯನ್ನು ಹತ್ತಿತು. ಪರದೆ, ಬೆಕ್ಕು, ಹಗ್ಗ ಎಲ್ಲವೂ ಒಟ್ಟಿಗೆ ಇಳಿದವು. ಇಡೀ ಭವನ ಅಕ್ಷತೆ ಎರಚುತ್ತಿದ್ದ ಕ್ಷಣವದು. ಹರಿಹರದ ಅಕ್ಕಿ ಬಾತಿಯ ತಲೆಗೆ, ಬಾತಿಯ ಅಕ್ಕಿ ಹರಿಹರದ ತಲೆಗೆ. ಎರಡು ಜೋಡಿಯೂ ಒಂದನ್ನೊಂದು ನೋಡಿ ನಗತೊಡಗಿದವು. ಯಾವ ಕಾಳು ಯಾರದೆಂದು ತಿಳಿಸುವ ಡೇಟಾಬೇಸು ಇನ್ನೂ ಬಂದಿಲ್ಲ.

ಊಟಕ್ಕೆ ಹರಿಹರದವರದು ಗೋಧಿ ಹುಗ್ಗಿ, ಬಾತಿಯವರದು ಶೇಂಗಾ ಹೋಳಿಗೆ. ಎರಡೂ ಕಡೆಯ ಅಡಿಗೆಯವರಿಗೂ ವ್ಯವಸ್ಥಾಪಕರು ತಮ್ಮ ಪಂಕ್ತಿಯಲ್ಲೇ ಉಣ್ಣಬೇಕೆಂಬ ಹಟ. ಗುರುಮೂರ್ತಿ ಎಡಗಡೆ ಉಂಡ, ಬಲಗಡೆಯೂ ಉಂಡ. "ಇನ್ನೊಂದು ಹಾಕ್ಲೇನ್ರಿ?" ಎಂದವರಿಗೆಲ್ಲ ತಲೆಯಾಡಿಸಿದ. ಸಂಜೆ ಹಾಲಸ್ವಾಮಿ ಒಂದು ರಟ್ಟೆ, ಮಾರಣ್ಣ ಇನ್ನೊಂದು ರಟ್ಟೆ ಹಿಡಿದು ಮನೆಗೆ ತಂದು ಬಿಟ್ಟರು. ನಿಂಗಪ್ಪ ಹಿಂದಿನಿಂದ ಚಪ್ಪಲಿ ಹಿಡಿದು ಬಂದಿದ್ದ. ಸುನೀತಾ ಆ ಮಂಡಿನೋವಿನ ಎಣ್ಣೆಯನ್ನು ಹೊಟ್ಟೆಗೆ ಹಚ್ಚಿದಳು.

ಮುಂದಿನ ವಾರ ಗಿರೀಶ ಬಂದು ಹೊಸ ಕಣಜದಲ್ಲಿದ್ದದ್ದನ್ನು ಹಳೆಯದಕ್ಕೆ ಸುರಿದು, ಹೊಸದನ್ನು ಕಿತ್ತು, ಉಳಿದ ಗೋಜಲನ್ನೆಲ್ಲ ಕೂತು ಬಿಡಿಸಿ ಹೋದ. ಈ ಸಲವೂ ಗುರುಮೂರ್ತಿ ಅವನಿಗೆ ಬಾಳೆಹಣ್ಣು ಕೊಟ್ಟ. ಆಮೇಲೆ ಆಫೀಸಿನಲ್ಲಿ ನಾವಿಬ್ಬರೇ. ನಾನು ಪೇಪರು ಓದುತ್ತಿದ್ದೆ. ಅವನು ಡ್ರಾಯರಿನಿಂದ ಆ ಪೆನ್‌ಡ್ರೈವ್ ತೆಗೆದು, ನನ್ನ ಕಡೆ ಒಂದು ಸಲ ನೋಡಿ, ಕಂಪ್ಯೂಟರಿಗೆ ಚುಚ್ಚಿದ. ನಾನು ಪೇಪರಿನ ಮೇಲಿನಿಂದ ನೋಡುತ್ತಲೇ ಇದ್ದೆ.

ಅದೇ ಚೌಕ ಮೂಡಿತು. ಈಗಾಗಲೇ ಇದೆ, ಇನ್ನೊಂದು ಹಾಕಬೇಕೇ?

ಗುರುಮೂರ್ತಿ ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಬಲಗೈಯನ್ನು ಎಲೆಗೆ ಅಡ್ಡ ಹಿಡಿಯುವಂತೆ ಪರದೆಯ ಮುಂದೆ ಹಿಡಿದು, ಒಂದೊಂದೇ ಮಾತಾಗಿ ಹೇಳಿದ: "ಬ್ಯಾಡ್ರಿ. ಸಾಕಷ್ಟು ಆಗೈತೆ. ತಪ್ಪು ತಿಳ್ಕೋಬ್ಯಾಡ್ರಿ."

ನೋ ಒತ್ತಿದ. ಚೌಕ ಮಾಯವಾಯಿತು.

"ಬೇಜಾರು ಮಾಡ್ಕೊಂತು ಅನ್ಸುತ್ತಕ್ಕ" ಎಂದ, ಖಾಲಿ ಪರದೆಯನ್ನೇ ನೋಡುತ್ತ. "ಒಂದು ಮಾತೂ ಆಡದೆ ಹೋತು."

ಚಹಾ ತಂದ ಸುನೀತಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಇಷ್ಟು ವರ್ಷಗಳ ಹರಕೆ ತೀರಿದ ಕಳೆ ಇತ್ತು. "ಬ್ಯಾಡ ಅನ್ನೋದು ಬಂತಲ್ಲ! ಇನ್ನು ಬಾಗಲಿಗೆ ಚಾಪಿಯವ್ನು ಬಂದ್ರೆ ಅವನಿಗೂ ಹಿಂಗೇ ಅನ್ರಿ."

"ಅವನಿಗೆ ಹೆಂಗೆ ಅನ್ಲೇ?" ಎಂದ ಗುರುಮೂರ್ತಿ ಗಾಬರಿಯಾಗಿ. "ಇದು ಮಿಶಿನ್ನು. ಅವನು ಬಿಸಿಲಾಗೆ ನಡ್ಕೊಂಡು ಬಂದಿರ್ತಾನೆ."

ನಾನೂ ಸುನೀತಾಳೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಮನೆಗೆ ಹೋಗಿ, ಮಂಚದ ಕೆಳಗೆ ಇನ್ನೊಂದು ಚಾಪೆಗೆ ಜಾಗ ಮಾಡಿದೆವು.